ಆಲ್ಬಾ ಡ್ಯೂಕ್ ಪದವಿಯ ವೃತ್ತಾಂತ

ಸ್ಪೆಯಿನ್ ದೇಶದ ಸಾಲಮಾಂಕಾ ಪಟ್ಟಣಕ್ಕೆ ಸಮೀಪದಲ್ಲಿ, ತೋರ್ಮೆಸ್ ನದಿಯ ತೀರದಲ್ಲಿ, ಆಲ್ಬಾ ಎಂಬ ಊರುಂಟು. ಅದರ ಒಡೆಯನಾದ ಗಾರ್ಸಿಯಾ ಆಲ್ವಾರೆಸ್ ದೆ ತೊಲೇದೋ ಎಂಬವನಿಗೆ ಕಾಸ್ತೀಲಿನ ಅರಸನಾದ ನಾಲ್ಕನೆಯ ಹೆನ್ರಿಯು 1472ರಲ್ಲಿ ಡ್ಯೂಕ್ ಪದವಿಯನ್ನು ದಯಪಾಲಿಸಿದನು. ಇಂದಿಗೂ ಅಳಿಯದಿರುವ ಈ ಪದವಿಯ ವೃತ್ತಾಂತವನ್ನು ಹೆಣ್ಣುಮಕ್ಕಳ ತಂದೆತಾಯಿಗಳು ತಿಳಿಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಮಗಳ ಹಕ್ಕಿನ ಪ್ರಶ್ನೆಯೊಂದು ಅದರಲ್ಲಿ ಅಡಗಿದೆ.

ಮೂರನೆಯ ಡ್ಯೂಕನಾದ ಫೆರ್ನಾಂಡೋವನ್ನು ಚರಿತ್ರೆಯ ಪಾಠದಲ್ಲಿ ಕಂಡವರು ಮರೆತಿರಲಾರರು. 1567ರಲ್ಲಿ ಸೈನ್ಯಸಮೇತನಾಗಿ ನೆದರ್ಲೆಂಡ್ಸಿಗೆ ಹೋದ ಅವನ ನ್ಯಾಯಸಭೆಗೆ ಅಲ್ಲಿಯ ಜನರು ‘ರಕ್ತಸಭೆ’ ಎಂದು ಹೆಸರಿಟ್ಟರು. ಅವನ ಮಾತು ಇಷ್ಟು ಸಾಕು.

ಕಾಸ್ತೀಲಿನ ಪುರಾತನ ನಿಯಮವು ಹೀಗಿತ್ತು: ಮಕ್ಕಳಲ್ಲಿ ಗಂಡು ಮೊದಲು, ಹೆಣ್ಣು ಆಮೇಲೆ, ಅಕ್ಕನಿದ್ದರೂ ಪದವಿಯು ತಮ್ಮನಿಗೇ ಸಲ್ಲುವುದು. ಆದರೆ ಗಂಡುಮಕ್ಕಳೇ ಇಲ್ಲದಿದ್ದರೆ ಅದು ಚಿಕ್ಕಪ್ಪನಿಗೆ ಹೋಗದೆ ಮಗಳಿಗೇ ಬರುವುದು. ಹೀಗೆಯೇ 1776ರಲ್ಲಿ ಮಾರಿಯಾ ತೆರೇಸಾ ಕಾಯೆತಾನಾ ಎಂಬಾಕೆಯು ತನ್ನ ತಾತನ ತರುವಾಯ ಹದಿಮೂರನೆಯ ಡಚೆಸ್ ಆದಳು. ಚಿತ್ರಕಾರನಾದ ಗೋಯಾ ಆಕೆಯನ್ನು 1795ರಲ್ಲಿ ಬಿಳಿಯ ಉಡುಪಿನಲ್ಲಿಯೂ 1797ರಲ್ಲಿ ಕಪ್ಪು ಉಡುಪಿನಲ್ಲಿಯೂ ಚಿತ್ರಿಸಿದನು. 1802ರಲ್ಲಿ ಆಕೆ ನಲವತ್ತನೆಯ ವಯಸ್ಸಿನಲ್ಲಿ ಸಂತಾನವಿಲ್ಲದೆ ತೀರಿಕೊಳ್ಳಲು, ಪದವಿಯು ಬಂಧುವಾದ ಫಿಟ್ಸ್-ಜೇಮ್ಸ್ ಸ್ಟುವರ್ಟ್ ಮನೆತನಕ್ಕೆ ಸಂದಿತು. ಇವರು ಇಂಗ್ಲೆಂಡಿನ ಎರಡನೆಯ ಜೇಮ್ಸ್ ಅರಸನಿಗೆ ವಿವಾಹದ ಹೊರಗೆ ಹುಟ್ಟಿದ ಮಗನ ವಂಶಜರು!

ಹತ್ತೊಂಬತ್ತನೆಯ ಶತಮಾನದಲ್ಲಿ ಊರುಗಳ ಮೇಲಣ ಪಾಳೆಯಗಾರಿಕೆಯ ಹಕ್ಕುಗಳು ರದ್ದಾಗಿ, ಪದವಿಯು ಬರಿಯ ಗೌರವವಾಗಿ ಉಳಿಯಿತು. 1931ರ ಗಣರಾಜ್ಯವು ಅದನ್ನೂ ಮನ್ನಿಸಲಿಲ್ಲ. 1936ರಲ್ಲಿ ಮಾಡ್ರಿಡಿನಲ್ಲಿದ್ದ ಆ ಮನೆತನದ ಲಿರಿಯಾ ಅರಮನೆಯು ಅಂತರ್ಯುದ್ಧದಲ್ಲಿ ಸುಟ್ಟು ಗೋಡೆಗಳಷ್ಟೇ ನಿಂತವು. 1948ರಲ್ಲಿ ಪದವಿಗಳಿಗೆ ಪುನಃ ಮಾನ್ಯತೆ ದೊರೆಯಿತು. 1953ರಲ್ಲಿ ಹದಿನೇಳನೆಯ ಡ್ಯೂಕನು ಮರಣಹೊಂದಲು, ಆತನ ಏಕಮಾತ್ರ ಪುತ್ರಿಯಾದ ಕಾಯೆತಾನಾ ಡಚೆಸ್ ಆಗಿ 2014ರ ತನಕ ಬಾಳಿದಳು.

ಈ ಇಬ್ಬರು ಸ್ತ್ರೀಯರೂ ಸಹೋದರರಿಲ್ಲದ್ದರಿಂದಲೇ ಪದವಿ ಪಡೆದರೆಂಬುದನ್ನು ಗಮನಿಸಬೇಕು. ಇತರ ಮನೆತನಗಳ ಹಿರಿಯ ಪುತ್ರಿಯರು ನ್ಯಾಯಾಲಯಗಳ ಮೆಟ್ಟಿಲೇರಿದರು. ಪದವಿಯು ಕೇವಲ ಸಾಂಕೇತಿಕವಾದ್ದರಿಂದ ಗಂಡಿಗೆ ಆದ್ಯತೆ ಕೊಡುವುದು ಸಂವಿಧಾನಕ್ಕೆ ವಿರುದ್ಧವಲ್ಲವೆಂದು 1997ರಲ್ಲಿ ಸಂವಿಧಾನ ನ್ಯಾಯಾಲಯವು ತೀರ್ಪಿತ್ತಿತು. ಈ ತರ್ಕವು ನಮಗೆ ಒಪ್ಪಿಗೆಯಾಗದು. ಅಷ್ಟು ಹಗುರವಾದ ವಸ್ತುವಾದರೆ ಅದನ್ನು ಅಕ್ಕನ ಕೈಗೆ ಕೊಡಲು ಹಿಂಜರಿಕೆಯೇಕೆ? ಕಡೆಗೆ 2006ರ ಕಾನೂನು ಗಂಡುಹೆಣ್ಣೆಂಬ ಭೇದವಿಲ್ಲದೆ ಚೊಚ್ಚಲ ಮಗುವಿಗೇ ಪದವಿ ಸಲ್ಲುವಂತೆ ವಿಧಿಸಿತು. ಆಲ್ಬಾ ಮನೆಯಲ್ಲಿ ಚೊಚ್ಚಲು ಗಂಡಾಗಿದ್ದುದರಿಂದ 2014ರಲ್ಲಿ ಅದರ ಅವಶ್ಯಕತೆ ಬೀಳಲಿಲ್ಲ. ಸಿಂಹಾಸನದ ವಿಷಯದಲ್ಲಾದರೋ 1978ರ ಸಂವಿಧಾನವು ಇನ್ನೂ ಗಂಡನ್ನೇ ಮುಂದಿಡುತ್ತದೆ. ಅರಸನಾದ ಆರನೆಯ ಫೆಲಿಪೆಗೆ ಇಬ್ಬರೂ ಹೆಣ್ಣುಮಕ್ಕಳೇ ಆದುದರಿಂದ ಅಲ್ಲಿ ಹಿರಿಯವಳೇ ಉತ್ತರಾಧಿಕಾರಿಣಿಯಾಗಿದ್ದಾಳೆ.