ಪಟ್ಟಣ ಸೇರಿದ ಮಕ್ಕಳ ಊಟ



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಹಸಿರು ಮೇವು ಮೊದಲಾದ ವಿಷಯಗಳನ್ನು ಬರೆಯುವುದು ವಾಡಿಕೆ. ಈ ಬಾರಿ ರಾಸುಗಳ ಮೇವನ್ನು ಬದಿಗಿಟ್ಟು ಮಕ್ಕಳ ಊಟದ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣವಿದೆ.

ಲಸಿಕೆ ಹಾಕಲು ಒಂದು ಸಂಘಕ್ಕೆ ಹೋಗಿದ್ದಾಗ ಹಾಲು ಹಾಕಿ ಹಿಂತಿರುಗುತ್ತಿದ್ದ ಸದಸ್ಯೆಯೊಬ್ಬರು ನಿಂತು ಮಾತನಾಡಿಸಿದರು. ಅವರ ಮಗ ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದಾನೆ, ದಾಸರಹಳ್ಳಿಯಲ್ಲಿ ಇನ್ನಿಬ್ಬರ ಜೊತೆ ರೂಮು. ವರ್ಷ ತುಂಬುವುದರೊಳಗೆ ಸುಸ್ತು, ಕಾಲು ಜುಮ್ಮೆನ್ನುವುದು ಶುರುವಾಯಿತು. ಪರೀಕ್ಷೆ ಮಾಡಿಸಿದರೆ ರಕ್ತ ಕಡಿಮೆ, ಬಿ12 ಜೀವಸತ್ವ ಕಡಿಮೆ ಎಂದು ಡಾಕ್ಟರು ಹೇಳಿದ್ದರು. "ಎರಡು ಹೊತ್ತೂ ಸೇರಿ 18 ಲೀಟ್ರು ಹಾಲು ಡೇರಿಗೆ ಹಾಕ್ತೀನಿ ಡಾಕ್ಟ್ರೇ, ನನ್ನ ಮಗನಿಗೆ ಅಲ್ಲಿ ಒಂದು ಲೋಟ ಮಜ್ಜಿಗೆ ಇಲ್ಲ" ಎಂದರು ಆಕೆ. ವಿಚಾರಿಸಿದಾಗ ತಿಳಿದದ್ದೇನೆಂದರೆ, ಹುಡುಗ ಬೆಳಿಗ್ಗೆ ಟೀ-ಬನ್ನು, ರಾತ್ರಿ ತಳ್ಳುಗಾಡಿಯ ಫ್ರೈಡ್ ರೈಸ್ ಅಥವಾ ಗೋಬಿ ತಿಂದು ದಿನ ಕಳೆಯುತ್ತಿದ್ದ. ಮನೆಯವರೆಲ್ಲ ಸಸ್ಯಾಹಾರಿಗಳು, ಹಾಗಾಗಿ ಮೊಟ್ಟೆಯೂ ಇಲ್ಲ. ಪಟ್ಟಣದಲ್ಲಿ ಒಳ್ಳೆಯ ಊಟಕ್ಕೆ ತುಂಬಾ ದುಡ್ಡು ಬೇಕು ಎಂಬುದು ಅವನ ಲೆಕ್ಕ.

ಈ ಲೆಕ್ಕ ಅರ್ಧ ಮಾತ್ರ ಸರಿ. ಬೆಂಗಳೂರಿನಲ್ಲಿ ತಾಜಾ ತರಕಾರಿ ದುಬಾರಿಯಲ್ಲ, ಅದನ್ನು ಹೊತ್ತಲ್ಲದ ಹೊತ್ತಿನಲ್ಲಿ, ಹೊಂದದ ಜಾಗದಲ್ಲಿ ಕೊಳ್ಳುವುದು ದುಬಾರಿ. ನಾನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಗ ಇದನ್ನು ಕಲಿಯಲು ನನಗೂ ಒಂದು ವರ್ಷ ಹಿಡಿಯಿತು.

ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಆನೇಕಲ್, ಮಾಲೂರು ಕಡೆಗಳಿಂದ ಸೊಪ್ಪು-ತರಕಾರಿ ರಾತ್ರಿಯಿಡೀ ಟೆಂಪೋಗಳಲ್ಲಿ ಬಂದು ಕೃಷ್ಣರಾಜೇಂದ್ರ ಮಾರುಕಟ್ಟೆ, ಕಲಾಸಿಪಾಳ್ಯಗಳಲ್ಲಿ ಇಳಿಯುತ್ತದೆ. ಬೆಳಕು ಹರಿಯುವ ಮೊದಲೇ ಅಲ್ಲಿ ಸಗಟು ವ್ಯಾಪಾರ ನಡೆದು, ಮಾಲು ಬಡಾವಣೆಗಳ ತಳ್ಳುಗಾಡಿಗಳಿಗೆ ಹಂಚಿಹೋಗುತ್ತದೆ. ಒಬ್ಬ ಹುಡುಗ ಅರ್ಧ ಕೆ.ಜಿ. ಬೀನ್ಸಿಗಾಗಿ ಅಲ್ಲಿಯವರೆಗೆ ಹೋದರೆ ಬಸ್ ಚಾರ್ಜಿಗೇ ಉಳಿತಾಯ ಸರಿಹೋಗುತ್ತದೆ. ರೂಮಿನ ಮೂವರು ಸೇರಿ ವಾರಕ್ಕೊಮ್ಮೆ ಹೋಗಿ ಈರುಳ್ಳಿ, ಆಲೂಗಡ್ಡೆ, ಕುಂಬಳ, ಸೀಮೆಬದನೆಯಂಥ ತಡೆಯುವ ತರಕಾರಿ ತಂದರೆ ಮಾತ್ರ ಲಾಭ. ಪೀಣ್ಯದ ಕಡೆಯವರಿಗೆ ಯಶವಂತಪುರ ಹತ್ತಿರವಾಗುತ್ತದೆ.

ಸೊಪ್ಪಿನ ವಿಚಾರ ಬೇರೆ. ಕೊಯ್ದ ಹಸಿ ಮೇವು ಮಧ್ಯಾಹ್ನಕ್ಕೆ ಹೇಗೆ ಬಾಡುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಮಾರುವವರಿಗೂ ಅದೇ ಭಯ. ಆದ್ದರಿಂದ ಸಂಜೆ ಗಾಡಿ ಕಟ್ಟುವ ಹೊತ್ತಿಗೆ ಹೋದರೆ ಬೆಳಗಿನ ಒಂದು ಕಟ್ಟಿನ ಬೆಲೆಗೆ ಎರಡು ಕಟ್ಟು ಸಿಗುವುದುಂಟು. ನೀರು ಚಿಮುಕಿಸಿ ಹೊಳೆಯುವಂತೆ ಇಟ್ಟಿರುವುದನ್ನು ನೋಡಿ ಮೋಸಹೋಗದೆ, ಕಟ್ಟು ಬಿಚ್ಚಿ ಒಳಗಿನ ಎಲೆ ನೋಡಬೇಕು. ಒಳಗೆ ಬಿಸಿಯಾಗಿ ಅಂಟಂಟಾಗಿದ್ದರೆ ಬಿಡಬೇಕು. ದಂಟು, ಹರಿವೆ, ಸಬ್ಬಸಿಗೆ, ಮೆಂತ್ಯ ಯಾವುದಾದರೂ ಸರಿ, ತಂದ ರಾತ್ರಿಯೇ ಬೇಯಿಸಿದರೆ ಚೆನ್ನ. ಒಂದೇ ಕುಕ್ಕರಿನಲ್ಲಿ ತೊಗರಿಬೇಳೆ, ಸೊಪ್ಪು ಬೇಯಿಸಿ ಕಟ್ಟು ಬಸಿದರೆ ಬಸ್ಸಾರೂ ಆಯಿತು, ಪಲ್ಯವೂ ಆಯಿತು. ಇದನ್ನು ಮಗನಿಗೆ ಕಲಿಸದೆ ಊರು ಬಿಡಿಸುವುದು ತಾಯಂದಿರ ತಪ್ಪು ಎನ್ನುವುದಿಲ್ಲ, ನಮ್ಮ ಗಂಡಸರ ತಪ್ಪೂ ಇದೆ.

ಬೆಲೆ ಕೇಳಿ ಚೌಕಾಸಿ ಮಾಡಲು ಸಂಕೋಚಪಡುವವರಿಗೆ ಹಾಪ್‌ಕಾಮ್ಸ್ ಮಳಿಗೆಗಳಿವೆ. ಅದೂ ನಮ್ಮಂತೆ ಬೆಳೆಗಾರರ ಸಹಕಾರ ಸಂಘವೇ, 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಆರಂಭವಾದದ್ದು. ಆ ದಿನದ ದರವನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಅದನ್ನು ಒಮ್ಮೆ ಓದಿಕೊಂಡು ಹೋದರೆ ಪಕ್ಕದ ಗಾಡಿಯವರ ಬೆಲೆ ನ್ಯಾಯವೋ ಅಲ್ಲವೋ ತಿಳಿಯುತ್ತದೆ. ಮೊಬೈಲಿನಲ್ಲಿ ಒತ್ತಿ ಮನೆ ಬಾಗಿಲಿಗೆ ತರಿಸುವ ಅಭ್ಯಾಸ ಈಗಿನ ಮಕ್ಕಳಿಗೆ ಹೆಚ್ಚು. ತರುವ ಕೂಲಿಯೂ ಅದರಲ್ಲಿ ಸೇರಿರುತ್ತದೆಂಬುದು ನೆನಪಿರಲಿ.

ಕಾಲಕ್ಕೆ ತಕ್ಕಂತೆ ಕೊಳ್ಳುವುದೂ ಮುಖ್ಯ. 2023ರ ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ 100 ರೂಪಾಯಿ ದಾಟಿತ್ತು. ಆಗಲೂ ಹುಣಸೆಹಣ್ಣಿನ ಸಾರಿಗೆ, ಮಜ್ಜಿಗೆ ಹುಳಿಗೆ ಯಾರೂ ಅಡ್ಡಿ ಮಾಡಿರಲಿಲ್ಲ! ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ಪಟ್ಟಣಕ್ಕೆ ರಾಶಿ ರಾಶಿಯಾಗಿ ಬರುತ್ತದೆ, ಆಗ ಬೇಳೆಯ ಖರ್ಚು ಇಳಿಯುತ್ತದೆ.

ಈಗ ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಬಿ12 ಎಂಬ ಜೀವಸತ್ವವನ್ನು ಗಿಡಗಳು ತಯಾರಿಸಲಾರವು. ಹಸುವೂ ತಾನಾಗಿ ತಯಾರಿಸಲಾರದು. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಮೇವಿನಲ್ಲಿರುವ ಕೋಬಾಲ್ಟ್ ಎಂಬ ಖನಿಜವನ್ನು ಬಳಸಿ ಅದನ್ನು ತಯಾರಿಸುತ್ತವೆ. ನಾವು ಖನಿಜ ಮಿಶ್ರಣ ಕೊಡಿ ಎಂದು ಪದೇ ಪದೇ ಹೇಳುವುದಕ್ಕೆ ಇದೂ ಒಂದು ಕಾರಣ. ಹೀಗೆ ಬಂದ ಬಿ12 ಹಾಲಿಗೆ ಇಳಿಯುತ್ತದೆ. ಮೊಟ್ಟೆ, ಮಾಂಸ ತಿನ್ನದವರಿಗೆ ಹಾಲು, ಮೊಸರು, ಮಜ್ಜಿಗೆ ಬಿಟ್ಟರೆ ಊಟದಲ್ಲಿ ಬೇರೆ ಮೂಲ ಇಲ್ಲವೆಂದೇ ಹೇಳಬೇಕು. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಇರುತ್ತದೆ, ದೊಡ್ಡವರ ದಿನದ ಅಗತ್ಯವೂ ಅದರ ಆಸುಪಾಸಿನಲ್ಲೇ ಇದೆ. ಟೀಗೆ ಹಾಕುವ ಎರಡು ಚಮಚ ಹಾಲು ಈ ಲೆಕ್ಕಕ್ಕೆ ಬರುವುದಿಲ್ಲ. ಒಮ್ಮೆ ಕೊರತೆ ಕಾಣಿಸಿಕೊಂಡ ಮೇಲೆ ಬರೀ ಹಾಲು ಕುಡಿದು ಸರಿಪಡಿಸುತ್ತೇನೆ ಎನ್ನದೆ ಡಾಕ್ಟರು ಬರೆದ ಮಾತ್ರೆ ಅಥವಾ ಚುಚ್ಚುಮದ್ದನ್ನು ತಪ್ಪದೆ ತೆಗೆದುಕೊಳ್ಳಬೇಕು.

ರೂಮಿನಲ್ಲಿ ಫ್ರಿಜ್ ಇಲ್ಲ, ಹಾಲು ಒಡೆಯುತ್ತದೆ ಎಂಬುದು ಹುಡುಗರ ದೂರು. ಪ್ಯಾಕೆಟ್ ಹಾಲನ್ನು 72 ಡಿಗ್ರಿ ಶಾಖದಲ್ಲಿ 15 ಸೆಕೆಂಡು ಕಾಯಿಸಿ ತಂಪು ಮಾಡಿರುತ್ತಾರೆ. ರೋಗಾಣುಗಳು ಸತ್ತರೂ ಹಾಲನ್ನು ಹುಳಿ ಮಾಡುವ ಕೆಲವು ಜೀವಿಗಳು ಉಳಿಯುತ್ತವೆ, ತಂಪು ತಪ್ಪಿದರೆ ಅವು ಬೆಳೆಯುತ್ತವೆ. ನಾವು ಸಂಘದಲ್ಲಿ ಕರೆದ ಹಾಲನ್ನು ಬೇಗ ಶೀತಲ ಘಟಕಕ್ಕೆ ಸೇರಿಸುವುದೂ ಇದೇ ಕಾರಣಕ್ಕೆ. ಹಾಗಾಗಿ ಬೂತಿನಲ್ಲಿ ತಣ್ಣಗಿರುವ ಪ್ಯಾಕೆಟ್ ಕೇಳಿ ಪಡೆದು, ಕೂಡಲೇ ಕಾಯಿಸಿ, ಒಂದು ಲೋಟ ಕುಡಿದು, ಮಿಕ್ಕಿದ್ದನ್ನು ಉಗುರುಬೆಚ್ಚಗಿರುವಾಗ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು ಸಿದ್ಧ. ಪ್ಯಾಕೆಟ್ ಮೊಸರಿಗೆ ಕೊಡುವ ಹೆಚ್ಚಿನ ದುಡ್ಡೂ ಉಳಿಯಿತು. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಜಿಡ್ಡು ಶೇ. 3 ಇರುತ್ತದೆ, ಅದೇ ಸಾಕು.

ಅಡುಗೆ ಮಾಡಲು ಆಗದ ದಿನ ದರ್ಶಿನಿಗಳಿವೆ. ಅಲ್ಲಿ ಗಿರಾಕಿ ಹೆಚ್ಚು, ಇಡ್ಲಿ ಹಳಸುವಷ್ಟು ಹೊತ್ತು ಉಳಿಯುವುದಿಲ್ಲ. ತೀರ ಕೈ ಕಟ್ಟಿದಾಗ ಇಂದಿರಾ ಕ್ಯಾಂಟೀನ್ ಇದೆ. 2017ರ ಆಗಸ್ಟಿನಲ್ಲಿ ಆರಂಭವಾದಾಗ ಅಲ್ಲಿ ತಿಂಡಿಗೆ 5 ರೂ., ಊಟಕ್ಕೆ 10 ರೂ. ನಿಗದಿಯಾಗಿತ್ತು. ಊಟವೆಲ್ಲ ಸಸ್ಯಾಹಾರವೇ. ಅಲ್ಲಿ ಸಾಲಿನಲ್ಲಿ ನಿಲ್ಲಲು ನಾಚಿಕೆಪಡಬೇಕಾದ್ದೇನೂ ಇಲ್ಲ.

ಒಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಬೀದಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ತುಂಬಿ ಮಾರುವವರ ಬಳಿ ಹೋಗಬಾರದು, ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಗ್ಯಾಸ್ ಕಂಪನಿಗಳ 5 ಕೆ.ಜಿ. ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ಬಾಡಿಗೆ ಮನೆಯ ವಿಳಾಸದ ದಾಖಲೆ ಬೇಕಾಗುವುದಿಲ್ಲ.

ಆ ತಾಯಿ ಈಗ ಶನಿವಾರದ ಬಸ್ಸಿನಲ್ಲಿ ಮಗನಿಗೆ ಚೀಲ ಕಳಿಸುತ್ತಾರೆ. ಮೊದಲು ಚಕ್ಕುಲಿ, ನಿಪ್ಪಟ್ಟು ಇರುತ್ತಿದ್ದವು. ಈಗ ರಾಗಿಹಿಟ್ಟು, ಹುರಿಹಿಟ್ಟು, ಹುರುಳಿಕಾಳು, ಸಾರಿನ ಪುಡಿ ಇರುತ್ತವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಹುರಿಹಿಟ್ಟಿಗೆ ಒಲೆಯೂ ಬೇಡ, ಮಜ್ಜಿಗೆಯಲ್ಲಿ ಕಲಸಿ ಕುಡಿದು ಕೆಲಸಕ್ಕೆ ಹೊರಡಬಹುದು. ಹೋದ ವಾರ ಆಕೆ ಕ್ಯಾನಿನಲ್ಲಿ ಹಾಲನ್ನೂ ಕಳಿಸಲೇ ಎಂದು ಕೇಳಿದರು. ಬೇಡಮ್ಮ, ಬಸ್ಸಿನ ಬಿಸಿಗೆ ಒಡೆದುಹೋಗುತ್ತೆ, ಅದನ್ನು ಎಂದಿನಂತೆ ಸಂಘಕ್ಕೇ ಹಾಕಿ, ಅವನು ಅಲ್ಲಿ ಬೂತಿನಲ್ಲಿ ತೆಗೆದುಕೊಳ್ಳಲಿ ಎಂದೆ.