ಮೊದಲ ಹೆರಿಗೆ ಆಪರೇಷನ್ ಆಗಿದ್ದರೆ, ಎರಡನೆಯದು ಹೇಗೆ?

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮಿತ್ರರು ಪತ್ರಿಕೆ ಓದಿ ಮಡಿಸಿಟ್ಟ ಮೇಲೆ ಒಮ್ಮೊಮ್ಮೆ ಮನೆಯ ವಿಚಾರವನ್ನೂ ಮಾತಾಡುವುದುಂಟು. ಹೀಗೆ ನಾವು ಹಲವು ಸಲ ಕೇಳಿದ ಪ್ರಶ್ನೆ ಇದು: "ಮೊದಲನೆಯ ಮಗು ಆಪರೇಷನ್ ಆಗಿ ಹುಟ್ಟಿದ್ದು. ಈಗ ಮನೆಯಲ್ಲಿ ಮತ್ತೆ ಬಸಿರು. ಈ ಸಲವೂ ಆಪರೇಷನ್ನೇ ಆಗಬೇಕೇ?" ಊರಿನಿಂದ ಅತ್ತೆಯವರು, "ಈ ಸಲ ನಾರ್ಮಲ್ ಆಗಲಿ ಎಂದು ಹರಕೆ ಹೊತ್ತಿದ್ದೇನೆ" ಎನ್ನುತ್ತಾರೆ. ಪಕ್ಕದ ಖೋಲಿಯವರು, "ಒಮ್ಮೆ ಕೊಯ್ದ ಮೇಲೆ ಮುಗಿಯಿತು, ಮತ್ತೆ ಕೊಯ್ಯಲೇಬೇಕು" ಎನ್ನುತ್ತಾರೆ. ಕೇಳಿದವರು ಇವೆರಡರ ನಡುವೆ ಸಿಕ್ಕಿ, ಮೇಲೆ ಹಣದ ಚಿಂತೆಯನ್ನೂ ಹೊತ್ತು ಕುಳಿತಿರುತ್ತಾರೆ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು ಸಲ ಸಿಸೇರಿಯನ್ ಆದ ಬಹುಪಾಲು ತಾಯಂದಿರಿಗೆ ಎರಡು ದಾರಿಗಳೂ ತೆರೆದಿರುತ್ತವೆ. ಯಾವುದು ಸರಿಯೆಂಬುದು ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಹಿಂದಿನ ಸಲ ಗರ್ಭಕೋಶವನ್ನು ಎಲ್ಲಿ ಕೊಯ್ದರು, ಏಕೆ ಕೊಯ್ದರು, ಈ ಸಲದ ಬಸಿರು ಹೇಗಿದೆ, ಹೆರಿಗೆಯಾಗುವ ಆಸ್ಪತ್ರೆ ಎಂಥದು. ಈ ನಾಲ್ಕನ್ನು ತಿಳಿಯದೆ ಆಗುತ್ತದೆ ಎನ್ನುವವರೂ ಆಗದು ಎನ್ನುವವರೂ ಊಹೆಯ ಮಾತು ಹೇಳುತ್ತಿದ್ದಾರೆಂದೇ ತಿಳಿಯಬೇಕು.

ಹಳೆಯ ನಿಯಮ ಎಲ್ಲಿಂದ ಬಂತು?

ಒಮ್ಮೆ ಸಿಸೇರಿಯನ್ ಆದವಳಿಗೆ ಮುಂದೆಲ್ಲ ಸಿಸೇರಿಯನ್ನೇ ಎಂಬ ಮಾತು ಬರೀ ನೆರೆಹೊರೆಯವರದಲ್ಲ. 1916ರಲ್ಲಿ ನ್ಯೂಯಾರ್ಕಿನ ಪ್ರಸೂತಿ ವೈದ್ಯ ಎಡ್ವಿನ್ ಕ್ರಾಗಿನ್ ಇದನ್ನು ಬರೆದರು. ಅವಸರಪಟ್ಟು ಮೊದಲನೆಯ ಆಪರೇಷನ್ ಮಾಡಬೇಡಿ ಎಂದು ವೈದ್ಯರನ್ನು ಎಚ್ಚರಿಸುವುದು ಅವರ ಉದ್ದೇಶವಾಗಿತ್ತು. ಆ ಕಾಲಕ್ಕೆ ಅದರಲ್ಲಿ ಅರ್ಥವೂ ಇತ್ತು. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳಿ ಮಗುವನ್ನು ತೆಗೆಯುತ್ತಿದ್ದರು. ಹೆರಿಗೆ ನೋವಿನಲ್ಲಿ ಬಿಗಿದು ಬಿಗಿದು ಮಗುವನ್ನು ಕೆಳಕ್ಕೆ ನೂಕುವುದು ಇದೇ ಮೇಲ್ಭಾಗದ ದಪ್ಪ ಸ್ನಾಯು. ಅಲ್ಲಿ ಹೊಲಿಗೆ ಬಿದ್ದಿದ್ದರೆ ಮುಂದಿನ ನೋವಿನಲ್ಲಿ ಅದು ಬಿಚ್ಚಿಕೊಳ್ಳುವ ಭಯ ಹೆಚ್ಚು.

1920ರ ದಶಕದಲ್ಲಿ ಗ್ಲಾಸ್ಗೋ ನಗರದ ಮನ್ರೋ ಕೆರ್ ಎಂಬ ವೈದ್ಯರು ಬೇರೆ ಕ್ರಮವನ್ನು ರೂಢಿಗೆ ತಂದರು. ತುಂಬಿದ ಬಸಿರಿನಲ್ಲಿ ಗರ್ಭಕೋಶದ ಕೆಳಭಾಗ ತೆಳುವಾಗಿ ಹಿಗ್ಗಿರುತ್ತದೆ. ಅಲ್ಲಿ ಅಡ್ಡಲಾಗಿ ಕೊಯ್ದರೆ ರಕ್ತ ಕಡಿಮೆ ಹೋಗುತ್ತದೆ, ಗಾಯ ಚೆನ್ನಾಗಿ ಕೂಡುತ್ತದೆ. ಮುಂದಿನ ಹೆರಿಗೆಯಲ್ಲಿ ಬಿಗಿಯುವ ಸ್ನಾಯುವಿನ ಸೆಳೆತವೂ ಅದರ ಮೇಲೆ ಕಡಿಮೆ. ಇಂದು ನಡೆಯುವ ಸಿಸೇರಿಯನ್‌ಗಳಲ್ಲಿ ಬಹುತೇಕ ಎಲ್ಲವೂ ಇದೇ ಬಗೆಯವು. ಹೀಗೆ ಕೊಯ್ತ ಬದಲಾದ ಮೇಲೆ ನಿಯಮವೂ ಬದಲಾಯಿತು. 1980ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಸೇರಿಸಿದ ತಜ್ಞರ ಸಭೆ, ಕೆಳಭಾಗದಲ್ಲಿ ಅಡ್ಡ ಕೊಯ್ತ ಆದವರು ಸಹಜ ಹೆರಿಗೆಗೆ ಪ್ರಯತ್ನಿಸಬಹುದೆಂದು ಒಪ್ಪಿತು.

ಹೊರಗಿನ ಹೊಲಿಗೆ, ಒಳಗಿನ ಹೊಲಿಗೆ

ಇಲ್ಲಿ ಅನೇಕರು ತಪ್ಪುವುದುಂಟು. ಹೊಟ್ಟೆಯ ಚರ್ಮದ ಮೇಲೆ ಕಾಣುವ ಗೆರೆಯನ್ನು ನೋಡಿ, "ಅಡ್ಡ ಇದೆ, ಆದ್ದರಿಂದ ಭಯವಿಲ್ಲ" ಎನ್ನುತ್ತಾರೆ. ಚರ್ಮದ ಮೇಲಿನ ಗೆರೆ ಬೇರೆ, ಒಳಗೆ ಗರ್ಭಕೋಶದ ಮೇಲಿನ ಗೆರೆ ಬೇರೆ. ಹೊರಗೆ ಅಡ್ಡವಾಗಿದ್ದು ಒಳಗೆ ಉದ್ದವಾಗಿರಬಹುದು. ಹೊರಗೆ ಉದ್ದವಾಗಿದ್ದು ಒಳಗೆ ಅಡ್ಡವಾಗಿರಬಹುದು. ದಿನ ತುಂಬುವ ಬಹಳ ಮುಂಚೆಯೇ ಹುಟ್ಟಿದ ಮಗು, ಅಡ್ಡಲಾಗಿ ಮಲಗಿದ್ದ ಮಗು, ಇಂಥವನ್ನು ತೆಗೆಯುವಾಗ ಇಂದಿಗೂ ಒಳಗೆ ಉದ್ದಕ್ಕೆ ಕೊಯ್ಯಬೇಕಾಗಿ ಬರುವುದುಂಟು.

ಒಳಗಿನ ಸಂಗತಿಯನ್ನು ಹೇಳುವುದು ಒಂದೇ ಒಂದು: ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಡಿಸ್‌ಚಾರ್ಜ್ ಕಾಗದ. ಯಾವ ಬಗೆಯ ಕೊಯ್ತ, ಯಾವ ಕಾರಣಕ್ಕೆ ಮಾಡಿದ್ದು, ಬೇರೆ ತೊಡಕೇನಾದರೂ ಆಯಿತೇ ಎಂಬುದೆಲ್ಲ ಅದರಲ್ಲಿ ಇರಬೇಕು. ನಮ್ಮಂಥ ಪರಸ್ಥಳದವರ ಕಷ್ಟ ಏನೆಂದರೆ, ಮೊದಲ ಹೆರಿಗೆ ತವರಿನ ತಾಲೂಕು ಆಸ್ಪತ್ರೆಯಲ್ಲಿ ಆಗಿರುತ್ತದೆ, ಕಾಗದ ತವರಿನ ಟ್ರಂಕಿನಲ್ಲಿ ಉಳಿದಿರುತ್ತದೆ, ಎರಡನೆಯ ಬಸಿರು ಮುಂಬಯಿಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ನಡೆಯುತ್ತದೆ. ಇಲ್ಲಿನ ಡಾಕ್ಟರು ಕೇಳಿದರೆ, "ಮಗುವಿಗೆ ಏನೋ ತೊಂದರೆ ಎಂದರು, ಕೊಯ್ದರು" ಎಂಬುದಕ್ಕಿಂತ ಹೆಚ್ಚು ಹೇಳಲು ನಮಗೆ ಬಾರದು. ಬಸಿರು ತಿಳಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಆ ಕಾಗದವನ್ನು ತರಿಸುವುದು. ಮೊಬೈಲಿನಲ್ಲಿ ಅದರ ಚಿತ್ರ ಬಂದರೂ ಸಾಕು. ಕಾಗದ ಕಳೆದಿದ್ದರೆ ಊರಿನಲ್ಲಿರುವವರು ಆಸ್ಪತ್ರೆಗೆ ಹೋಗಿ, ಹೆರಿಗೆಯ ತಾರೀಕು ಮತ್ತು ತಾಯಿ ಕಾರ್ಡಿನ ಸಂಖ್ಯೆ ಹೇಳಿ ದಾಖಲೆಯ ಪ್ರತಿ ಕೇಳಲಿ.

ಎರಡು ದಾರಿಗಳ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ಬ್ರಿಟನ್ನಿನ ಪ್ರಸೂತಿ ತಜ್ಞರ ಸಂಸ್ಥೆ 2015ರಲ್ಲಿ ಕೊಟ್ಟ ಅಂಕಿಗಳಿವು. ಒಂದು ಸಿಸೇರಿಯನ್ ಆಗಿ, ಮುಂದೆ ಸಹಜ ಹೆರಿಗೆಗೆ ಪ್ರಯತ್ನಿಸಿದ 100 ತಾಯಂದಿರಲ್ಲಿ 72ರಿಂದ 75 ಮಂದಿಗೆ ಅದು ಕೈಗೂಡುತ್ತದೆ. ಅವರಿಗೆ ಬೇರೊಂದು ಮಗು ಸಹಜವಾಗಿ ಹುಟ್ಟಿದ್ದರೆ 85ರಿಂದ 90 ಮಂದಿಗೆ ಕೈಗೂಡುತ್ತದೆ. ಕೈಗೂಡಿದವರು ಬೇಗ ಎದ್ದು ಓಡಾಡುತ್ತಾರೆ. ಚಾಳಿನ ಮೂರನೆಯ ಮಾಳಿಗೆಗೆ ನೀರು ಹೊರಬೇಕಾದ ಮನೆಯಲ್ಲಿ, ಸಹಾಯಕ್ಕೆ ಇನ್ನೊಬ್ಬ ಹೆಂಗಸಿಲ್ಲದ ಕಡೆ, ಇದು ಸಣ್ಣ ಮಾತಲ್ಲ.

ಆದರೆ ಉಳಿದ ಕಾಲುಭಾಗದವರನ್ನೂ ಮರೆಯಬಾರದು. ಅವರು ನೋವನ್ನೂ ತಿಂದು ಕೊನೆಗೆ ಆಪರೇಷನ್ನಿಗೂ ಹೋಗಬೇಕಾಗುತ್ತದೆ. ಮುಂಚೆಯೇ ದಿನ ಗೊತ್ತುಮಾಡಿ ಮಾಡುವ ಆಪರೇಷನ್ನಿಗಿಂತ ಇದರಲ್ಲಿ ರಕ್ತಸ್ರಾವ, ನಂಜು ಇವುಗಳ ತೊಂದರೆ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ಭಯ ಹಳೆಯ ಹೊಲಿಗೆ ಬಿಚ್ಚಿ ಗರ್ಭಕೋಶ ಒಡೆಯುವುದು. ಸಹಜ ಹೆರಿಗೆಗೆ ಪ್ರಯತ್ನಿಸುವ 200 ಮಂದಿಯಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಒಳಗಿನ ಕೊಯ್ತ ಮೇಲ್ಭಾಗದಲ್ಲಿ ಉದ್ದಕ್ಕಿದ್ದರೆ 100ರಲ್ಲಿ 4ರಿಂದ 9 ಮಂದಿಗೆ ಆಗಬಹುದೆಂದು ಅಮೆರಿಕದ ವೈದ್ಯರ ಎಣಿಕೆ. ಒಡೆದರೆ ಮಗುವಿಗೆ ಪ್ರಾಣವಾಯು ನಿಲ್ಲುತ್ತದೆ, ತಾಯಿಗೆ ಒಳಗೇ ರಕ್ತ ಸುರಿಯುತ್ತದೆ. ಆಗ ಉಳಿಸುವುದು ನಿಮಿಷಗಳ ಲೆಕ್ಕ. ನೋವು ಬರುವ ಮುಂಚೆಯೇ ಆಪರೇಷನ್ ಮಾಡಿದರೆ ಈ ಅಪಾಯ 10,000ಕ್ಕೆ 2ಕ್ಕಿಂತ ಕಡಿಮೆ.

ಹಾಗಾದರೆ ಆಪರೇಷನ್ನೇ ಮೇಲಲ್ಲವೇ ಎಂದು ಕೇಳಬಹುದು. ದಿನ ಮೊದಲೇ ಗೊತ್ತಿರುತ್ತದೆ, ರಜೆ ಹಾಕಬಹುದು, ಊರಿನಿಂದ ಅವ್ವನನ್ನು ಕರೆಸಬಹುದು. ಇವೆಲ್ಲ ನಿಜವಾದ ಅನುಕೂಲಗಳೇ. ಆದರೆ ಅದರ ಬೆಲೆಯನ್ನು ಮುಂದಿನ ಬಸಿರು ತೆರುತ್ತದೆ. ಪ್ರತಿ ಆಪರೇಷನ್ನಿಗೂ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು ಹೆಚ್ಚುತ್ತದೆ. ಮಾಸು ಗರ್ಭಕೋಶದ ಬಾಯಿಯ ಮೇಲೆ ಕುಳಿತು, ಹಳೆಯ ಗಾಯದೊಳಕ್ಕೆ ಬೇರಿಳಿಸುವುದುಂಟು. ಆಗ ಅದನ್ನು ಬಿಡಿಸುವಾಗ ವಿಪರೀತ ರಕ್ತ ಹೋಗಿ, ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಸು ಹೀಗೆ ಬಾಯಿಯ ಮೇಲೆ ಕುಳಿತ ತಾಯಂದಿರ ಪೈಕಿ ಎರಡನೆಯ ಸಿಸೇರಿಯನ್ನಿಗೆ ಬಂದವರಲ್ಲಿ 100ಕ್ಕೆ 11, ಮೂರನೆಯದಕ್ಕೆ ಬಂದವರಲ್ಲಿ 100ಕ್ಕೆ 40 ಮಂದಿಗೆ ಹೀಗೆ ಬೇರಿಳಿದಿತ್ತು. ಆದ್ದರಿಂದ ಇನ್ನೂ ಎಷ್ಟು ಮಕ್ಕಳು ಬೇಕೆಂಬುದನ್ನು ಗಂಡ ಹೆಂಡತಿ ಈಗಲೇ ಮಾತಾಡಬೇಕು. ಇದೇ ಕೊನೆಯದೆಂದು ನಿರ್ಧರಿಸಿದವರ ಲೆಕ್ಕ ಬೇರೆ, ಇನ್ನೊಂದು ಬೇಕೆನ್ನುವವರ ಲೆಕ್ಕ ಬೇರೆ.

ಮಗುವಿನ ವಿಷಯದಲ್ಲಿ ಒಂದು ಮಾತು. ನೋವಿಲ್ಲದೆ ಆಪರೇಷನ್ನಿನಿಂದ ಬಂದ ಮಗುವಿಗೆ ಮೊದಲ ದಿನಗಳಲ್ಲಿ ಉಸಿರಾಟದ ತೊಂದರೆ ತುಸು ಹೆಚ್ಚು. ಅದಕ್ಕಾಗಿಯೇ, ಬೇರೆ ಕಾರಣವಿಲ್ಲದಿದ್ದರೆ, 39 ವಾರ ತುಂಬಿದ ಮೇಲೆ ಆಪರೇಷನ್ ಮಾಡುತ್ತಾರೆ. ಒಳ್ಳೆಯ ನಕ್ಷತ್ರ ಸಿಗುತ್ತದೆಂದು 37ನೆಯ ವಾರದಲ್ಲೇ ಮಾಡಿರೆಂದು ಡಾಕ್ಟರನ್ನು ಒತ್ತಾಯಿಸುವುದು ತಪ್ಪು.

ಯಾರಿಗೆ ಯಾವ ದಾರಿ?

ಹಿಂದೆ ಒಂದೇ ಸಿಸೇರಿಯನ್, ಅದೂ ಕೆಳಭಾಗದ ಅಡ್ಡ ಕೊಯ್ತ. ಈಗ ಒಂದೇ ಮಗು, ತಲೆ ಕೆಳಗಾಗಿದೆ. ಎರಡು ಹೆರಿಗೆಗಳ ನಡುವೆ ಕನಿಷ್ಠ ಒಂದೂವರೆ ವರ್ಷ ಕಳೆದಿದೆ. ಇಂಥವರು ಸಹಜ ಹೆರಿಗೆಯನ್ನು ಯೋಚಿಸಬಹುದು. ಹಿಂದಿನ ಕಾರಣವನ್ನೂ ನೋಡಬೇಕು. ಮಗು ಕಾಲು ಕೆಳಗಾಗಿತ್ತು, ಅದರ ಎದೆಬಡಿತ ಇಳಿದಿತ್ತು, ಇಂಥವು ಆ ಸಲಕ್ಕೆ ಮುಗಿದ ಕಾರಣಗಳು. ತಾಯಿಯ ಸೊಂಟದ ಎಲುಬಿನ ದಾರಿಯೇ ಇಕ್ಕಟ್ಟಾಗಿದ್ದರೆ ಅದು ಈ ಸಲವೂ ಇರುತ್ತದೆ. ಸಕ್ಕರೆ ಕಾಯಿಲೆ, ಬಹಳ ದೊಡ್ಡ ಮಗು, ತಾಯಿಯ ಅತಿಯಾದ ಮೈತೂಕ, ಇವು ಕೈಗೂಡುವ ಸಂಭವವನ್ನು ಕಡಿಮೆ ಮಾಡುತ್ತವೆ.

ಒಳಗೆ ಮೇಲ್ಭಾಗದಲ್ಲಿ ಉದ್ದ ಕೊಯ್ತ ಆದವರು, ಹಿಂದೆ ಗರ್ಭಕೋಶ ಒಡೆದವರು, ಮಾಸು ಬಾಯಿಗೆ ಅಡ್ಡವಾಗಿರುವವರು ಪ್ರಯತ್ನಿಸಲೇಬಾರದು. ಎರಡು ಸಿಸೇರಿಯನ್ ಆದವರ ವಿಷಯವನ್ನು ದೊಡ್ಡ ಆಸ್ಪತ್ರೆಯ ತಜ್ಞರೇ ನೋಡಿ ಹೇಳಬೇಕು. ಇನ್ನೊಂದು ಎಚ್ಚರಿಕೆ: ನೋವು ಬರಿಸುವ ಮಾತ್ರೆಗಳಿಂದ ಹೊಲಿಗೆ ಬಿಚ್ಚುವ ಅಪಾಯ ಹೆಚ್ಚುತ್ತದೆ. ಯಾರೋ ಹೇಳಿದರೆಂದು ಅಂಗಡಿಯಿಂದ ತಂದು ಮನೆಯಲ್ಲಿ ಕೊಡುವುದು ಪ್ರಾಣಕ್ಕೆ ಎರವಾದೀತು.

ತವರೋ, ಇಲ್ಲಿಯೋ?

ಮೇಲಿನ ಅಂಕಿಗಳನ್ನು ಓದುವಾಗ ಒಂದನ್ನು ನೆನಪಿಡಬೇಕು. ಅವು ಹಗಲು ರಾತ್ರಿ ಆಪರೇಷನ್ ಕೋಣೆ ಸಿದ್ಧವಿರುವ ಆಸ್ಪತ್ರೆಗಳಿಂದ ಬಂದವು. ಕೊಯ್ಯುವ ವೈದ್ಯರು, ಅರಿವಳಿಕೆ ಕೊಡುವ ವೈದ್ಯರು, ರಕ್ತ, ಮಗುವಿನ ಎದೆಬಡಿತವನ್ನು ಬಿಡದೆ ನೋಡುವ ದಾದಿ, ಇಷ್ಟೂ ಇದ್ದಲ್ಲಿ ಮಾತ್ರ 200ಕ್ಕೆ ಒಂದೆಂಬ ಅಪಾಯವನ್ನು ಎದುರಿಸಬಹುದು. ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ, ಆಪರೇಷನ್ ಸೌಕರ್ಯವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಮಾಡಲಾಗದು.

ನಮ್ಮಲ್ಲಿ ಏಳನೆಯ ತಿಂಗಳ ಕುಬಸ ಮುಗಿಸಿ ತವರಿಗೆ ಕಳಿಸುವುದು ರೂಢಿ. ಅದು ಒಳ್ಳೆಯ ರೂಢಿಯೇ; ಅವ್ವನ ಆರೈಕೆಗೆ ಸಮನಾದುದು ಬೇರೆ ಇಲ್ಲ. ಆದರೆ ರೈಲು ಹತ್ತಿಸುವ ಮುಂಚೆ ವಿಚಾರಿಸಿರಿ: ತವರಿನಿಂದ ಆಪರೇಷನ್ ಆಗುವ ಆಸ್ಪತ್ರೆ ಎಷ್ಟು ದೂರ? ರಾತ್ರಿ ಎರಡು ಗಂಟೆಗೆ ಅಲ್ಲಿ ಅರಿವಳಿಕೆಯ ವೈದ್ಯರು ಇರುತ್ತಾರೆಯೇ? ಇಲ್ಲವೆಂದಾದರೆ ಅವ್ವನನ್ನೇ ಇಲ್ಲಿಗೆ ಕರೆಸಿಕೊಳ್ಳುವುದು ಮೇಲು. ಅದಾಗದಿದ್ದರೆ ಒಂಬತ್ತನೆಯ ತಿಂಗಳಿಗೆ ಜಿಲ್ಲಾ ಸ್ಥಳದ ನೆಂಟರ ಮನೆಯಲ್ಲಿ ಇರಿಸಬೇಕು. ದಿನ ಗೊತ್ತುಮಾಡಿದ ಆಪರೇಷನ್ನಿಗೆ ಕಾದಿರುವವರಿಗೂ ಇದು ಅನ್ವಯಿಸುತ್ತದೆ. ನೋವು ಗೊತ್ತಾದ ದಿನಕ್ಕೆ ಕಾಯುವುದಿಲ್ಲ.

ಹಣದ ವಿಚಾರ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100 ಹೆರಿಗೆಗಳಿಗೆ 21.5 ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ 14.3, ಖಾಸಗಿಯಲ್ಲಿ 47.4. ಕರ್ನಾಟಕದಲ್ಲಿ 31.5, ತಮಿಳುನಾಡಿನಲ್ಲಿ 44.9, ತೆಲಂಗಾಣದಲ್ಲಿ 60.7. ಇದನ್ನು ನೋಡಿ ಖಾಸಗಿಯವರೆಲ್ಲ ಹಣಕ್ಕಾಗಿಯೇ ಕೊಯ್ಯುತ್ತಾರೆಂದು ನಾವು ಹೇಳುವುದಿಲ್ಲ. ರಾತ್ರಿ ಅರಿವಳಿಕೆಯ ವೈದ್ಯರಿಲ್ಲದ ಸಣ್ಣ ನರ್ಸಿಂಗ್ ಹೋಮಿನವರು, "ನಮ್ಮಲ್ಲಿ ಸಹಜ ಹೆರಿಗೆಗೆ ಪ್ರಯತ್ನ ಬೇಡ" ಎಂದರೆ ಅದು ಪ್ರಾಮಾಣಿಕ ಮಾತು. ಅಲ್ಲಿ ವಾದಿಸದೆ ದೊಡ್ಡ ಆಸ್ಪತ್ರೆಗೆ ಹೋಗಿರಿ.

2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಆಪರೇಷನ್, ಔಷಧ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. 2016ರಿಂದ ಪ್ರತಿ ತಿಂಗಳ 9ನೆಯ ತಾರೀಕು ಗರ್ಭಿಣಿಯರಿಗೆ ಅಲ್ಲಿ ವಿಶೇಷ ತಪಾಸಣೆಯೂ ಉಂಟು. ಇ.ಎಸ್.ಐ. ಇರುವ ಕಾರ್ಮಿಕರ ಹೆಂಡತಿಗೂ ಆ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಹಣವಿಲ್ಲವೆಂದು ಆಪರೇಷನ್ ತಪ್ಪಿಸುವುದೂ ಬೇಕಿಲ್ಲ.

ಡಾಕ್ಟರನ್ನು ಕೇಳಬೇಕಾದ್ದು

ಏಳನೆಯ ತಿಂಗಳೊಳಗೆ ಕಾಗದ ಹಿಡಿದು ಹೋಗಿ ಇಷ್ಟನ್ನು ಕೇಳಿರಿ.
1. ಒಳಗಿನ ಕೊಯ್ತ ಯಾವ ಬಗೆಯದು?
2. ಹಿಂದಿನ ಕಾರಣ ಈ ಸಲವೂ ಇದೆಯೇ?
3. ಸ್ಕ್ಯಾನಿನಲ್ಲಿ ಮಾಸು ಎಲ್ಲಿದೆ?
4. ಇಲ್ಲಿ ರಾತ್ರಿಯೂ ಆಪರೇಷನ್ ಆಗುತ್ತದೆಯೇ, ರಕ್ತ ಸಿಗುತ್ತದೆಯೇ?
5. ದಿನ ಮೀರಿದರೂ ನೋವು ಬಾರದಿದ್ದರೆ ಏನು ಮಾಡುತ್ತೀರಿ?

ನೋವು ಆರಂಭವಾದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನೋವಿಗೂ ನೋವಿಗೂ ನಡುವೆ ಬಿಡದ ಹೊಟ್ಟೆನೋವು, ಹಳೆಯ ಹೊಲಿಗೆಯ ಜಾಗದಲ್ಲಿ ಉರಿ, ರಕ್ತ ಹೋಗುವುದು, ಬರುತ್ತಿದ್ದ ನೋವು ತಟ್ಟನೆ ನಿಲ್ಲುವುದು, ತಲೆಸುತ್ತು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕ್ಷಣವೂ ತಡಮಾಡಬೇಡಿರಿ.

ಕೊನೆಗೆ, ಈ ಪುಟವನ್ನು ಓದುವವರಲ್ಲಿ ಗಂಡಸರೇ ಹೆಚ್ಚೆಂದು ಬಲ್ಲೆವು. ಅವರಿಗೆ ಒಂದು ಮಾತು. ಕಾಗದ ತರಿಸುವುದು, ಆಸ್ಪತ್ರೆ ವಿಚಾರಿಸುವುದು, ರಜೆ ಹೊಂದಿಸುವುದು ನಿಮ್ಮ ಪಾಲಿನ ಕೆಲಸ. ಎರಡು ದಾರಿಗಳೂ ತೆರೆದಿವೆ ಎಂದು ಡಾಕ್ಟರು ಹೇಳಿದ ಮೇಲೆ, ಯಾವುದೆಂದು ಆರಿಸುವುದು ನೋವು ತಿನ್ನುವವಳ ಹಕ್ಕು. ಹರಕೆಯೂ ಬೇಡ, ಹಂಗಿಸುವುದೂ ಬೇಡ. ಸಹಜವಾಗಿ ಹೆತ್ತವಳು ಹೆಚ್ಚಿನವಳಲ್ಲ, ಕೊಯ್ಸಿಕೊಂಡವಳು ಕಡಿಮೆಯವಳಲ್ಲ. ಈ ಸಂಚಿಕೆಯನ್ನು ಮನೆಗೆ ಒಯ್ದು ಅವರಿಗೆ ಓದಿ ಹೇಳಿರಿ. ಓದಬಲ್ಲವರಾದರೆ ಅವರ ಕೈಗೇ ಕೊಡಿರಿ.