ಫ್ರಿಜ್ಜಿನ ಕಣ್ಣೀರು

ಆಷಾಢದ ಒಂದು ಮುಂಜಾವು. ಕಾಫಿಗೆ ಹಾಲು ತೆಗೆಯಲೆಂದು ಅಡುಗೆಮನೆಗೆ ಬಂದ ಗೃಹಿಣಿಯ ಅಂಗಾಲಿಗೆ ತಣ್ಣನೆಯ ನೀರು ಸೋಕುತ್ತದೆ. ನಲ್ಲಿ ಬಿಗಿಯಾಗಿಯೇ ಇದೆ, ಮಾಡು ಸೋರಿಲ್ಲ, ಕುಡಿಯುವ ನೀರಿನ ಬಿಂದಿಗೆ ಇಟ್ಟಲ್ಲಿಯೇ ಇದೆ. ನೀರಿನ ಜಾಡು ಹಿಡಿದು ಹೋದರೆ ಅದು ಮೂಲೆಯಲ್ಲಿ ಗಂಭೀರವಾಗಿ ಗುಂಯ್‌ಗುಡುತ್ತ ನಿಂತ ಫ್ರಿಜ್ಜಿನ ಬುಡದಲ್ಲಿ ಕೊನೆಗೊಳ್ಳುತ್ತದೆ. ಬಾಗಿಲು ತೆರೆದು ನೋಡಿದರೆ ತರಕಾರಿ ಪೆಟ್ಟಿಗೆಯ ಅಡಿಯಲ್ಲಿ ನೀರು ಮಡುಗಟ್ಟಿದೆ. ಮೇಲಿನ ಫ್ರೀಜರಿನ ನೆಲದ ಮೇಲೆ ಗಾಜಿನ ಹಲಗೆ ಹಾಸಿದಂತೆ ಮಂಜುಗಡ್ಡೆ ಹರಡಿದೆ.

ಅನಂತರ ನಡೆಯುವುದು ಎಲ್ಲ ಮನೆಗಳಿಗೂ ಪರಿಚಿತವಾದ ನಾಟಕವೇ. “ಗ್ಯಾಸು ಹೋಗಿರಬೇಕು” ಎಂಬುದು ಯಜಮಾನರ ತೀರ್ಪು. “ಹತ್ತು ವರ್ಷ ದುಡಿದಿದೆ ಕಣೋ, ಅದಕ್ಕೂ ವಯಸ್ಸಾಯಿತು” ಎಂಬುದು ಅವರ ತಾಯಿಯ ಮರುಕ. “ಹೊಸದು ತಂದುಬಿಡೋಣ ಅಪ್ಪಾ” ಎಂಬುದು ಮಕ್ಕಳ ಉತ್ಸಾಹ. ಇಷ್ಟರಲ್ಲಿ ಪಕ್ಕದ ಮನೆಯವರು ಬಂದು, “ಅದಕ್ಕೇನಂತೆ, ಒಂದು ಚೂರಿ ತಗೊಂಡು ಐಸನ್ನೆಲ್ಲ ಕೆತ್ತಿಬಿಡಿ” ಎಂದು ಪುಕ್ಕಟೆಯ ಸಲಹೆಯನ್ನು ಕೊಟ್ಟುಹೋಗುತ್ತಾರೆ. ಗೃಹಿಣಿ ಮಾತ್ರ ಸುಮ್ಮನೆ ನೆಲವನ್ನು ಒರೆಸುತ್ತಾಳೆ. ಮರುದಿನ ಬೆಳಗ್ಗೆ ಮತ್ತೆ ಅಷ್ಟೇ ನೀರು.

ಅನಿಲ ಸೋರಿಹೋದ ಫ್ರಿಜ್ಜು ಸಾಮಾನ್ಯವಾಗಿ ತಣಿಸುವುದನ್ನೇ ಬಿಡುತ್ತದೆ; ಇಷ್ಟು ಧಾರಾಳವಾಗಿ ಮಂಜುಗಡ್ಡೆ ಕಟ್ಟಲಾರದು. ಇಲ್ಲಿ ಯಂತ್ರ ತನ್ನ ಕೆಲಸವನ್ನು ಮಾಡುತ್ತಲೇ ಇದೆ. ಕೆಟ್ಟಿರುವುದು ಯಂತ್ರವಲ್ಲ, ನೀರು ಹೊರಹೋಗುವ ದಾರಿ. ಕೆರೆಗೆ ತೂಬು ಇರುವಂತೆ ಫ್ರಿಜ್ಜಿಗೂ ಒಂದು ತೂಬು ಉಂಟು. ಕಿರುಬೆರಳೂ ತೂರದಷ್ಟು ಸಣ್ಣದಾದ ಆ ರಂಧ್ರ ಕಟ್ಟಿಕೊಂಡರೆ ನೀರು ತನಗೆ ತೋಚಿದ ದಾರಿ ಹಿಡಿಯುತ್ತದೆ.

ನೀರು ಬರುವುದೆಲ್ಲಿಂದ?

ನೀರನ್ನೇ ಇಡದ ಫ್ರೀಜರಿನಲ್ಲಿ ನೀರು ಹುಟ್ಟುವುದಾದರೂ ಹೇಗೆ? ಉತ್ತರ ಗಾಳಿಯಲ್ಲಿದೆ. ಅನ್ನ ಬೇಯುವ, ಸಾರು ಕುದಿಯುವ ಅಡುಗೆಮನೆಯ ಗಾಳಿಯಲ್ಲಿ ಆವಿ ಸದಾ ತುಂಬಿರುತ್ತದೆ. ಬಾಗಿಲು ತೆರೆದಾಗಲೆಲ್ಲ ಆ ಗಾಳಿಯಲ್ಲೊಂದಿಷ್ಟು ಒಳನುಗ್ಗುತ್ತದೆ. ಫ್ರೀಜರಿನ ಒಳಗಿನ ಉಷ್ಣತೆ ಶೂನ್ಯಕ್ಕಿಂತ ಸುಮಾರು ೧೮ ಡಿಗ್ರಿ ಸೆಲ್ಸಿಯಸ್ ಕೆಳಗೆ. ತಂಪು ಹುಟ್ಟಿಸುವ ಲೋಹದ ಸುರುಳಿ ಅದಕ್ಕಿಂತಲೂ ತಣ್ಣಗೆ. ಒಳಹೊಕ್ಕ ಆವಿ ಆ ಸುರುಳಿಯನ್ನು ಮುಟ್ಟಿದೊಡನೆ ಬಿಳಿಯ ಹಿಮವಾಗಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಕಾರವಾರಗಳಂತಹ ಕರಾವಳಿಯ ಊರುಗಳಲ್ಲಿ, ಗಾಳಿಯ ತೇವ ಹೆಚ್ಚಾದಷ್ಟೂ ಈ ಹಿಮವೂ ಹೆಚ್ಚು.

ಹಿಮ ದಪ್ಪನಾದರೆ ಅದು ಸುರುಳಿಗೆ ಹೊದಿಸಿದ ಕಂಬಳಿಯಂತಾಗಿ, ತಂಪು ಹೊರಕ್ಕೆ ಬಾರದು. ಆದುದರಿಂದ ಅದನ್ನು ಆಗಾಗ ಕರಗಿಸಲೇಬೇಕು. ಒಂದೇ ಬಾಗಿಲಿನ ಸಾಮಾನ್ಯ ಫ್ರಿಜ್ಜಿನಲ್ಲಿ ಈ ಕೆಲಸಕ್ಕಾಗಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತುವ ಹೊಣೆ ಮನೆಯವರದು. ಎರಡು ಬಾಗಿಲಿನ ‘ಫ್ರಾಸ್ಟ್ ಫ್ರೀ’ ಫ್ರಿಜ್ಜು ಇದನ್ನು ತಾನೇ ಮಾಡಿಕೊಳ್ಳುತ್ತದೆ. ಕೆಲವು ಗಂಟೆಗಳಿಗೊಮ್ಮೆ ಕಂಪ್ರೆಸರ್ ನಿಂತು, ಸುರುಳಿಯ ಬಳಿಯ ಸಣ್ಣ ಹೀಟರ್ ಸ್ವಲ್ಪ ಹೊತ್ತು ಕಾಯುತ್ತದೆ. ಕರಗಿದ ಹಿಮ ಕೆಳಗಿನ ದೋಣಿಗೆ ಬಿದ್ದು, ಅಲ್ಲಿರುವ ರಂಧ್ರದಿಂದ ಕೊಳವೆಗಿಳಿದು, ಫ್ರಿಜ್ಜಿನ ಬೆನ್ನ ಹಿಂದೆ ಕಂಪ್ರೆಸರ್ ಪಕ್ಕದಲ್ಲಿ ಅಥವಾ ಅದರ ಮೇಲೆ ಇರುವ ತಟ್ಟೆಯನ್ನು ಸೇರುತ್ತದೆ. ಕಂಪ್ರೆಸರಿನ ಬಿಸಿಗೆ ಆ ನೀರು ಆರಿ ಮತ್ತೆ ಗಾಳಿಯನ್ನು ಕೂಡುತ್ತದೆ. ಗಾಳಿಯಿಂದ ಬಂದದ್ದು ಗಾಳಿಗೇ ಹೋಗುವ ಈ ಸುತ್ತಾಟ ಮನೆಯವರ ಅರಿವಿಗೆ ಬಾರದಂತೆ ನಿತ್ಯವೂ ನಡೆಯುತ್ತಿರುತ್ತದೆ.

ಹಳೆಯ ತಟ್ಟೆ, ಹೊಸ ತಟ್ಟೆ

ಈ ನೀರಿನ ಕಾಟ ವಿದ್ಯುತ್ತಿಗಿಂತ ಹಳೆಯದು. ಭಾರತಕ್ಕೆ ಅಮೆರಿಕದ ಮಂಜುಗಡ್ಡೆ ಮೊದಲು ಬಂದಿಳಿದದ್ದು ೧೮೩೩ರಲ್ಲಿ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ‘ಟಸ್ಕನಿ’ ಎಂಬ ಹಡಗಿನಲ್ಲಿ ಸುಮಾರು ೧೮೦ ಟನ್ ಮಂಜುಗಡ್ಡೆಯನ್ನು ತುಂಬಿಸಿ ಕಲ್ಕತ್ತಕ್ಕೆ ಕಳುಹಿಸಿದನು. ನಾಲ್ಕು ತಿಂಗಳ ಪಯಣ ಮುಗಿದಾಗ ಉಳಿದದ್ದು ಸುಮಾರು ೧೦೦ ಟನ್. ಮದರಾಸಿನ ಕಡಲ ದಂಡೆಯಲ್ಲಿ ಇಂತಹ ಮಂಜುಗಡ್ಡೆಯನ್ನು ಕಾಪಿಡಲೆಂದು ಕಟ್ಟಿಸಿದ ‘ಐಸ್ ಹೌಸ್’ ಇಂದು ವಿವೇಕಾನಂದರ ಹೆಸರನ್ನು ಹೊತ್ತು ನಿಂತಿದೆ.

ಅಮೆರಿಕದ ಗೃಹಿಣಿಯರು ಆ ಕಾಲದಲ್ಲಿ ಮರದ ಐಸ್ ಪೆಟ್ಟಿಗೆಗಳನ್ನು ಬಳಸುತ್ತಿದ್ದರು. ಕರಗಿದ ನೀರು ಕೊಳವೆಯಲ್ಲಿಳಿದು ಪೆಟ್ಟಿಗೆಯ ಕೆಳಗಿನ ತಟ್ಟೆಯಲ್ಲಿ ಶೇಖರವಾಗುತ್ತಿತ್ತು. ಆ ತಟ್ಟೆಯನ್ನು ದಿನವೂ ಚೆಲ್ಲಬೇಕು; ಒಂದು ದಿನ ಮರೆತರೆ ನೆಲವೆಲ್ಲ ನೀರು. ಮುಂದೆ ವಿದ್ಯುತ್ ಫ್ರಿಜ್ಜು ಬಂದಿತು. ೧೯೫೮ರಲ್ಲಿ ಗೋದ್ರೆಜ್ ಸಂಸ್ಥೆಯು ಭಾರತದಲ್ಲೇ ಫ್ರಿಜ್ಜನ್ನು ತಯಾರಿಸಿತು. ತಟ್ಟೆಯು ಕಣ್ಮರೆಯಾಯಿತೆಂದು ಜನ ಭಾವಿಸಿದರು. ನಿಜವಾಗಿ ಅದು ಕಣ್ಮರೆಯಾಗಲಿಲ್ಲ, ಬೆನ್ನ ಹಿಂದೆ ಅಡಗಿಕೊಂಡಿತು, ಅಷ್ಟೇ.

ಮೊದಲು ಪರೀಕ್ಷೆ, ಅನಂತರ ಮದ್ದು

ವೈದ್ಯನು ನಾಡಿ ಹಿಡಿಯುವಂತೆ, ಮೊದಲು ನೀರು ಎಲ್ಲಿ ಕಾಣಿಸಿಕೊಂಡಿತೆಂಬುದನ್ನು ಗಮನಿಸಬೇಕು.

ಫ್ರೀಜರಿನ ನೆಲದ ಮೇಲೆ ಮಂಜುಗಡ್ಡೆಯ ಹಲಗೆ ಕಟ್ಟಿದ್ದರೆ, ಫ್ರೀಜರಿನ ತೂಬು ಹೆಪ್ಪುಗಟ್ಟಿದೆ ಎಂದು ತಿಳಿಯಬಹುದು. ಕೆಳಗಿನ ಅಂಕಣದಲ್ಲಿ ಮಾತ್ರ ನೀರು ನಿಂತಿದ್ದರೆ, ಹಿಂಗೋಡೆಯ ಬುಡದ ರಂಧ್ರದಲ್ಲಿ ಕೊತ್ತಂಬರಿ ಎಲೆಯೋ, ಕರಿಬೇವಿನ ಕಡ್ಡಿಯೋ, ಹಾಲಿನ ಪೊಟ್ಟಣದ ಚೂರೋ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಒಳಗೆಲ್ಲ ಒಣಗಿದ್ದು ಹಿಂಬದಿಯ ನೆಲ ಮಾತ್ರ ನೆನೆದಿದ್ದರೆ, ತಟ್ಟೆ ಒಡೆದಿದೆ, ಜರುಗಿದೆ, ಇಲ್ಲವೆ ತುಂಬಿ ಚೆಲ್ಲುತ್ತಿದೆ. ಫ್ರಿಜ್ಜಿನ ಹೊರಮೈ ಬೆವರಿದ್ದರೆ ಅದಕ್ಕೂ ತೂಬಿಗೂ ಸಂಬಂಧವಿಲ್ಲ. ಅದು ಮಳೆಗಾಲದ ತೇವ.

ಹಿಂದಿನ ತಟ್ಟೆಯೇ ಒಳ್ಳೆಯ ಸಾಕ್ಷಿ. ಮಳೆಗಾಲದಲ್ಲಿಯೂ ಅದು ಒಣಗಿ ಧೂಳು ಹಿಡಿದಿದ್ದರೆ, ನೀರು ಅಲ್ಲಿಯವರೆಗೆ ಬರುತ್ತಿಲ್ಲವೆಂದೇ ಅರ್ಥ. ದಾರಿ ನಡುವೆಯೇ ಕಟ್ಟಿದೆ.

ಒಮ್ಮೆ ಕಟ್ಟಿದ ತೂಬು ತಾನಾಗಿ ತೆರೆದುಕೊಳ್ಳುವುದು ಅಪರೂಪ. ನೀರು ಹೆಪ್ಪುಗಟ್ಟುವಾಗ ಶೇಕಡಾ ೯ರಷ್ಟು ಹಿಗ್ಗುತ್ತದೆ. ಕಸದ ಚೂರಿನ ಮೇಲೆ ನಿಂತ ನಾಲ್ಕು ಹನಿ ಹೀಗೆ ಹಿಗ್ಗಿ ಬಿರಡೆಯಾಗುತ್ತದೆ. ಮುಂದಿನ ಸಲ ಕರಗಿದ ನೀರು ಆ ಬಿರಡೆಯ ಮೇಲೆ ನಿಂತು ಅದೂ ಹೆಪ್ಪುಗಟ್ಟುತ್ತದೆ. ಹೀಗೆ ದಿನೇ ದಿನೇ ಪದರಗಳು ಬೆಳೆದು, ಕೊನೆಗೊಂದು ಮುಂಜಾನೆ ನೀರು ಬಾಗಿಲಿನ ಕಡೆಗೆ ಹೊರಳುತ್ತದೆ.

ತೂಬು ಬಿಡಿಸುವ ಬಗೆ

ಮೊಟ್ಟಮೊದಲು ಒಣಗಿದ ಕೈಯಿಂದ, ಒಣನೆಲದಲ್ಲಿ ನಿಂತು ಪ್ಲಗ್ಗನ್ನು ಕಿತ್ತಿಡಬೇಕು. ನೆಲದ ನೀರು ಸ್ವಿಚ್ಚಿನ ಹಲಗೆಯವರೆಗೂ ಹರಡಿದ್ದರೆ ಮುಖ್ಯ ಸ್ವಿಚ್ಚನ್ನೇ ಆರಿಸುವುದು ಲೇಸು. ವಿದ್ಯುತ್ತು ಮತ್ತು ನೀರು ಒಂದೆಡೆ ಸೇರಿದಾಗ ಅವಸರ ಸಲ್ಲದು.

ಒಳಗಿನ ಪದಾರ್ಥಗಳನ್ನೆಲ್ಲ ಹೊರತೆಗೆದು, ಹಾಲನ್ನು ಕಾಯಿಸಿಟ್ಟು, ಕೆಡುವಂಥವನ್ನು ಅಂದೇ ಬಳಸಬೇಕು. ಅನಂತರ ಬಾಗಿಲು ತೆರೆದಿಟ್ಟು, ದಪ್ಪ ಟವೆಲುಗಳನ್ನು ಹಾಸಿ, ಫ್ರೀಜರಿನೊಳಗೆ ಒಂದು ಪಾತ್ರೆ ಬಿಸಿನೀರಿಟ್ಟರೆ ಮಂಜುಗಡ್ಡೆ ತಾನಾಗಿ ಸಡಿಲಗೊಳ್ಳುತ್ತದೆ. ಹಲವು ಗಂಟೆಗಳು ಹಿಡಿಯಬಹುದು. ಆದುದರಿಂದ ರಜೆಯ ದಿನವೇ ಅನುಕೂಲ.

ರಂಧ್ರ ಕಣ್ಣಿಗೆ ಬಿದ್ದ ಮೇಲೆ, ಮಕ್ಕಳಿಗೆ ಔಷಧಿ ಕುಡಿಸುವ ಸೂಜಿಯಿಲ್ಲದ ಸಿರಿಂಜಿನಲ್ಲಿ ಬೆಚ್ಚನೆಯ ನೀರನ್ನು ಎಳೆದುಕೊಂಡು ಮೆಲ್ಲಮೆಲ್ಲನೆ ಒಳಕ್ಕೆ ಹಾಯಿಸಬೇಕು. ನೀರು ಕೈ ತಾಳುವಷ್ಟೇ ಬಿಸಿಯಾಗಿರಲಿ. ಕುದಿಯುವ ನೀರಿಗೆ ಪ್ಲಾಸ್ಟಿಕ್ ಬಿರಿಯುತ್ತದೆ. ಕಸ ಸಿಕ್ಕಿದೆಯೆಂದು ತೋರಿದರೆ ಮೆದುವಾದ ಸಣ್ಣ ಪ್ಲಾಸ್ಟಿಕ್ ಕೊಳವೆಯನ್ನು ಒತ್ತಾಯವಿಲ್ಲದೆ ಆಡಿಸಬಹುದು. ದುರ್ವಾಸನೆಯಿದ್ದರೆ ಒಂದು ಲೋಟ ಬೆಚ್ಚನೆಯ ನೀರಿಗೆ ಒಂದು ಚಮಚ ಅಡುಗೆ ಸೋಡಾ ಬೆರೆಸಿ ಹಾಯಿಸಿದರೆ ಸಾಕು.

ಕೆಲಸ ಮುಗಿಯಿತೆಂಬುದಕ್ಕೆ ಪುರಾವೆ ಒಂದೇ: ಮೇಲೆ ಹಾಕಿದ ನೀರು ಹಿಂದಿನ ತಟ್ಟೆಗೆ ಬಂದು ಬೀಳಬೇಕು. ಅದು ಬರುವವರೆಗೆ ತೂಬು ತೆರೆಯಿತೆಂದು ನಂಬಲಾಗದು.

ಫ್ರಾಸ್ಟ್ ಫ್ರೀ ಫ್ರಿಜ್ಜುಗಳಲ್ಲಿ ಈ ರಂಧ್ರ ಹೆಚ್ಚಾಗಿ ಫ್ರೀಜರಿನ ಹಿಂಗೋಡೆಯ ಹಲಗೆಯ ಮರೆಯಲ್ಲಿರುತ್ತದೆ. ಅದರ ಹಿಂದೆ ಹೀಟರ್, ಫ್ಯಾನು ಮತ್ತು ತಂತಿಗಳು ಇರುವುದರಿಂದ ಆ ಹಲಗೆಯನ್ನು ಬಿಚ್ಚುವ ಕೆಲಸವನ್ನು ಬಲ್ಲವರಿಗೆ ಬಿಡುವುದೇ ವಿವೇಕ.

ಚೂರಿಯ ಚಿಕಿತ್ಸೆ ಬೇಡ

ಪಕ್ಕದ ಮನೆಯವರು ಹೇಳಿದ ಚೂರಿಯ ವಿಷಯ ಇನ್ನೂ ಉಳಿದಿದೆ. ಅನೇಕ ಫ್ರಿಜ್ಜುಗಳಲ್ಲಿ ಫ್ರೀಜರಿನ ಗೋಡೆಯೊಳಗೇ ಅನಿಲದ ಕೊಳವೆ ಹಾದುಹೋಗಿರುತ್ತದೆ. ಮಂಜುಗಡ್ಡೆಯನ್ನು ಕೆತ್ತುವ ಚೂರಿ ಒಮ್ಮೆ ಜಾರಿದರೆ ಆ ತೆಳುವಾದ ಲೋಹ ತೂತಾಗುತ್ತದೆ. ಆಗ ಯಜಮಾನರ ತೀರ್ಪು ನಿಜವಾಗಿಯೇ ನಿಜವಾಗುತ್ತದೆ: ಗ್ಯಾಸು ಹೋಗುತ್ತದೆ.

ನಷ್ಟ ಹಣದ್ದು ಮಾತ್ರವಲ್ಲ. ಹಿಂದೆ ಬಳಕೆಯಲ್ಲಿದ್ದ ಕ್ಲೋರೊಫ್ಲೂರೊಕಾರ್ಬನ್ ಅನಿಲಗಳು ಆಕಾಶದ ಓಝೋನ್ ಪದರವನ್ನು ಸವೆಸುತ್ತವೆಂದು ತಿಳಿದು, ೧೯೮೭ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅವನ್ನು ಕ್ರಮೇಣ ಕೈಬಿಡಲಾಯಿತು. ಈಗಿನ ಹಲವು ಫ್ರಿಜ್ಜುಗಳಲ್ಲಿರುವುದು ಐಸೊಬ್ಯುಟೇನ್. ಅದು ಅಡುಗೆ ಅನಿಲದ ಹತ್ತಿರದ ಬಂಧು. ಬೆಂಕಿ ಹತ್ತುವ ಗುಣ ಅದಕ್ಕೂ ಉಂಟು. ಅದರ ಪ್ರಮಾಣ ಕೆಲವು ಹತ್ತು ಗ್ರಾಂಗಳಷ್ಟೇ ನಿಜ. ಆದರೂ ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ, ಉರಿಯುವ ಒಲೆಯ ಪಕ್ಕದಲ್ಲಿ ಅದನ್ನು ಹೊರಬಿಡುವುದು ಆಟವಲ್ಲ. ಕೊಳವೆಗೆ ಏಟು ಬಿದ್ದು ‘ಸುಸ್’ ಎಂಬ ಸದ್ದು ಕೇಳಿಸಿದರೆ ಒಲೆಯನ್ನು ಆರಿಸಿ, ಯಾವ ಸ್ವಿಚ್ಚನ್ನೂ ಮುಟ್ಟದೆ, ಕಿಟಕಿ ಬಾಗಿಲುಗಳನ್ನು ತೆರೆದು ಎಲ್ಲರೂ ಹೊರಗೆ ಬರಬೇಕು.

ಮತ್ತೆ ಮತ್ತೆ ಕಟ್ಟಿದರೆ

ತೂಬು ಬಿಡಿಸಿದ ಕೆಲವೇ ದಿನಗಳಲ್ಲಿ ಮಂಜುಗಡ್ಡೆ ಮರಳಿ ಬಂದರೆ ಕಾರಣ ಬೇರೆ. ಹೀಟರ್ ಸುಟ್ಟಿರಬಹುದು, ಅದನ್ನು ನಡೆಸುವ ಭಾಗ ಕೆಟ್ಟಿರಬಹುದು, ಕೊಳವೆಯ ಕೆಳತುದಿಯ ರಬ್ಬರಿನ ಮೂತಿಯಲ್ಲಿ ಲೋಳೆ ಕಟ್ಟಿರಬಹುದು. ಇವು ಮೆಕ್ಯಾನಿಕ್ಕಿನ ಕೆಲಸ. ರಂಧ್ರ ಮಾತ್ರ ಪದೇ ಪದೇ ಹೆಪ್ಪುಗಟ್ಟುತ್ತಿದ್ದರೆ, ಅನುಭವಿಗಳು ಹೀಟರಿಗೆ ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಸಣ್ಣ ಪಟ್ಟಿಯೊಂದನ್ನು ಸಿಕ್ಕಿಸಿ ಅದರ ತುದಿಯನ್ನು ರಂಧ್ರಕ್ಕೆ ಇಳಿಬಿಡುತ್ತಾರೆ. ಹೀಟರಿನ ಬಿಸಿ ಆ ಪಟ್ಟಿಯ ಮೂಲಕ ತೂಬಿಗೂ ತಲುಪುತ್ತದೆ. ಕರೆದ ಮೆಕ್ಯಾನಿಕ್ಕಿಗೆ “ಫ್ರಿಜ್ಜು ಕೆಟ್ಟಿದೆ” ಎನ್ನುವ ಬದಲು, “ಫ್ರೀಜರಿನ ನೀರು ಹಿಂದಿನ ತಟ್ಟೆಗೆ ಇಳಿಯುತ್ತಿಲ್ಲ” ಎಂದು ಹೇಳಬಲ್ಲ ಮನೆಯವರಿಗೆ ಅನಾವಶ್ಯಕ ಖರ್ಚು ಬೀಳುವ ಸಂಭವ ಕಡಿಮೆ.

ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ಹಿಮ ಹೆಚ್ಚುತ್ತದೆ. ಒಂದು ನೋಟನ್ನು ಬಾಗಿಲಿನ ನಡುವೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಬಹುದು. ಯಾವ ಬಿಗಿತವೂ ಇಲ್ಲದೆ ಜಾರಿ ಬಂದರೆ ರಬ್ಬರನ್ನು ತೊಳೆಯಬೇಕು, ಇಲ್ಲವೆ ಬದಲಿಸಬೇಕು. ಬಿಸಿ ಸಾರನ್ನು ಮುಚ್ಚಳವಿಲ್ಲದೆ ಒಳಗಿಡುವುದೂ, ಪದಾರ್ಥಗಳನ್ನು ಹಿಂಗೋಡೆಗೆ ಒತ್ತಿ ತುಂಬುವುದೂ ತೂಬಿಗೆ ತೊಂದರೆಯೇ.

ತಟ್ಟೆಯಲ್ಲಿ ಬೆಳೆಯುವ ಶತ್ರು

ತೂಬು ತೆರೆದು ನೀರು ತಟ್ಟೆಗೆ ಇಳಿದ ಮಾತ್ರಕ್ಕೆ ಮನೆಯವರ ಹೊಣೆ ಮುಗಿಯದು. ಬೇಸಗೆಯಲ್ಲಿ ತಟ್ಟೆಯ ನೀರು ಬೇಗ ಆರುತ್ತದೆ. ಮಳೆಗಾಲದಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಅದು ದಿನಗಟ್ಟಲೆ ನಿಲ್ಲುತ್ತದೆ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಗೆ ಬೇಕಾದುದು ಇಂತಹದೇ ತಾಣ: ಮನೆಯೊಳಗಿನ, ನೆರಳಿನಲ್ಲಿರುವ, ಅಲುಗಾಡದ ಚೂರು ನೀರು. ಹಗಲಿನಲ್ಲಿ ಕಚ್ಚುವ ಈ ಸೊಳ್ಳೆ ನೀರಿನ ಅಂಚಿಗೆ ತುಸು ಮೇಲೆ ಮೊಟ್ಟೆಗಳನ್ನು ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಸೋಕಿದಾಗ ಮರಿಯಾಗಬಲ್ಲವು. ಮೊಟ್ಟೆ ಸೊಳ್ಳೆಯಾಗಲು ಒಂದೂವರೆ ವಾರವೇ ಸಾಕು.

ಆದುದರಿಂದ ವಾರಕ್ಕೊಮ್ಮೆ ಪ್ಲಗ್ಗನ್ನು ಕಿತ್ತು ತಟ್ಟೆಯ ನೀರನ್ನು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಉದುರುವಂತೆ ಅಂಚನ್ನು ಉಜ್ಜಿ ತೊಳೆಯಬೇಕು. ತಟ್ಟೆಯನ್ನು ಹೊರತೆಗೆಯಲಾಗದಿದ್ದರೆ ಬಟ್ಟೆಯಿಂದ ನೀರನ್ನು ಹೀರಿ ಒರೆಸಿದರಾಯಿತು. ರಜೆಗೆ ಊರಿಗೆ ಹೊರಡುವಾಗ ಫ್ರಿಜ್ಜನ್ನು ಆರಿಸಿ ಹೋಗುವವರು ಈ ಕೆಲಸವನ್ನು ಮರೆಯಲೇಬಾರದು. ಕಂಪ್ರೆಸರ್ ತಣ್ಣಗಾದ ಮೇಲೆ ತಟ್ಟೆಯ ನೀರನ್ನು ಆರಿಸುವವರೇ ಇರುವುದಿಲ್ಲ.

ಆಷಾಢದ ಆ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಚೂರಿ ಮರಳಿ ಅಡುಗೆಯ ಕಟ್ಟೆಯನ್ನು ಸೇರಿದೆ. ಔಷಧಿಯ ಸಿರಿಂಜು ಹಿಡಿದು ಗೃಹಿಣಿ ಮುಂದೆ ಕುಳಿತಿದ್ದಾಳೆ. ಟಾರ್ಚು ಹಿಡಿದು ಯಜಮಾನರು ಹಿಂದೆ ಬಗ್ಗಿದ್ದಾರೆ. ನಾಲ್ಕನೆಯ ಸಲ ನೀರು ಹಾಯಿಸಿದಾಗ, ಧೂಳು ಹಿಡಿದ ತಟ್ಟೆಯಲ್ಲಿ ಟಪ್ಪೆಂದು ಒಂದು ಹನಿ, ಅದರ ಹಿಂದೆಯೇ ಸಣ್ಣದೊಂದು ಧಾರೆ.

“ಬಂತು ಕಣೇ, ಬಂತು!”

ಹೊಸ ಫ್ರಿಜ್ಜಿನ ಆಸೆ ಕೈತಪ್ಪಿದ ಮಕ್ಕಳ ಮುಖ ಮಾತ್ರ ಕೊಂಚ ಬಾಡಿದೆ. ಸೋಮವಾರ ಬೆಳಗ್ಗೆ ಗೃಹಿಣಿ ಒಣಗಿದ ನೆಲದ ಮೇಲೆ ನಡೆದುಬಂದು ಹಾಲನ್ನು ತೆಗೆಯುತ್ತಾಳೆ. ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ಭಾನುವಾರಗಳ ಕೆಳಗೆಲ್ಲ ‘ತಟ್ಟೆ’ ಎಂದು ಬರೆದಿಡುತ್ತಾಳೆ.